ಕೊಳ್ಳುವವನ ನಾಲಗೆ, ಬೆಳೆಗಾರನ ಹೆಸರು



ಮುಂದಿನ ಮಹಾಸಭೆಯ ಮುಂದೆ ಒಂದು ಗೊತ್ತುವಳಿ ಬರಲಿದೆ. ಸಂಘಕ್ಕೆ ಬರುವ ಕಾಫಿಯನ್ನು ಹೊರಗಿನ ಮಾಲಿನೊಡನೆ ಬೆರೆಸದೆ ಬೇರೆಯಾಗಿಟ್ಟು, ನಮ್ಮ ಸೀಮೆಯ ಹೆಸರಿನಲ್ಲೇ ಮಾರಬೇಕೆಂಬುದು ಅದರ ಸಾರ. "ಹೆಸರಿನಿಂದ ಏನಾದೀತು? ಖರ್ಚು ಮಾತ್ರ" ಎನ್ನುವ ಸದಸ್ಯರಿದ್ದಾರೆ. ಅವರ ಗಮನಕ್ಕೆ ವೈನ್ ಮಾರಾಟದ ಬಗ್ಗೆ ಪಾಶ್ಚಾತ್ಯ ವಿದ್ವಾಂಸರು ನಡೆಸಿರುವ ಕೆಲವು ಸಂಶೋಧನೆಗಳನ್ನು ತರಬಯಸುತ್ತೇವೆ. ವೈನೂ ನಮ್ಮ ಕಾಫಿಯಂತೆ ತೋಟದ ಬೆಳೆಯಿಂದಲೇ ಆಗುವಂಥದು. ಊರಿನ ಹೆಸರಿನಲ್ಲಿ ಬೆಲೆ ಪಡೆಯುವಂಥದು.

1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಇಂಗ್ಲೆಂಡಿನ ಏಡ್ರಿಯನ್ ನಾರ್ತ್ ಮತ್ತು ಸಂಗಡಿಗರು ಅಂಗಡಿಯೊಂದರಲ್ಲಿ ಸಮಾನ ಬೆಲೆಯ ಫ್ರೆಂಚ್ ಹಾಗೂ ಜರ್ಮನ್ ವೈನುಗಳನ್ನು ಇರಿಸಿ, ದಿನ ಬಿಟ್ಟು ದಿನ ಆಯಾ ದೇಶದ ಸಂಗೀತ ನುಡಿಸಿದರು. ಫ್ರೆಂಚ್ ಸಂಗೀತವಿದ್ದಾಗ ಫ್ರೆಂಚ್ ವೈನ್ 40 ಸೀಸೆ, ಜರ್ಮನ್ 8 ಸೀಸೆ ಖರ್ಚಾದವು. ಜರ್ಮನ್ ಸಂಗೀತವಿದ್ದಾಗ ಜರ್ಮನ್ 22, ಫ್ರೆಂಚ್ 12. ಕೊಂಡವರಲ್ಲಿ ಬಹುಮಂದಿ ಸಂಗೀತದ ಪ್ರಭಾವವನ್ನು ಒಪ್ಪಲಿಲ್ಲ!

2008ರಲ್ಲಿ ವರದಿಯಾದ ಇನ್ನೊಂದು ಪ್ರಯೋಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 20 ಮಂದಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ಬೆಲೆ ಹೆಚ್ಚೆಂದಾಗ ರುಚಿಯೂ ಹೆಚ್ಚೆನಿಸಿತು. ಮಿದುಳಿನ ಚಿತ್ರದಲ್ಲೂ ಆ ಸಂತೋಷ ಕಂಡಿತು. ಬೆಲೆ ಹೇಳದೆ ಕೊಟ್ಟಾಗ ವ್ಯತ್ಯಾಸವೇ ಉಳಿಯಲಿಲ್ಲ.

ಹಾಗಾದರೆ ಮಾಲು ಹೇಗಿದ್ದರೇನು, ಚಂದದ ಚೀಟಿ ಅಂಟಿಸಿದರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಲದು ಎಂಬುದೇ ನಮ್ಮ ಅಭಿಪ್ರಾಯ. ಕೊಳ್ಳುವವನಿಗೆ ನಾಲಗೆಯಿಂದ ಅಳೆಯಲಾಗದ್ದರಿಂದಲೇ ಅವನು ಹೆಸರನ್ನು ನಂಬುತ್ತಾನೆ. ಆ ನಂಬಿಕೆ ಒಬ್ಬರ ಸ್ವತ್ತಲ್ಲ. 1985ರಲ್ಲಿ ಆಸ್ಟ್ರಿಯ ದೇಶದ ಕೆಲವರು ವೈನಿನ ಸಿಹಿ ಹೆಚ್ಚಿಸಲು ಡೈಈಥೈಲೀನ್ ಗ್ಲೈಕಾಲ್ ಎಂಬ ವಿಷವಸ್ತುವನ್ನು ಬೆರೆಸಿದ್ದು ಬಯಲಾಯಿತು. ಬೆರೆಸಿದವರು ಕೆಲವರು, ರಫ್ತು ಕುಸಿದದ್ದು ಇಡೀ ದೇಶದ್ದು. ಪ್ರಾಮಾಣಿಕ ರೈತನೂ ಅವರೊಡನೆ ಮುಳುಗಿದ. ಅದೇ ವರ್ಷ ಅಲ್ಲಿನ ಸರ್ಕಾರ ಬಿಗಿಯಾದ ವೈನ್ ಕಾಯಿದೆ ತಂದಿತು.

ನಮಗೂ ಅಂಥ ಹೆಸರುಗಳಿವೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೂ, ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಕಾಗದದ ಮೇಲಿನ ಮಾನ್ಯತೆ ತಾನಾಗಿ ಬೆಲೆ ತರದು. ಅಧಿಕೃತ ಬಳಕೆದಾರರಾಗಿ ನಾವು ನೋಂದಾಯಿಸಿಕೊಳ್ಳಬೇಕು. ಹಣ್ಣನ್ನೇ ಆರಿಸಿ ಕೊಯ್ಯಬೇಕು, ಕಣದಲ್ಲಿ ಹದವಾಗಿ ಒಣಗಿಸಬೇಕು, ಒಬ್ಬೊಬ್ಬರ ಮಾಲಿಗೂ ಲೆಕ್ಕವಿರಬೇಕು. ಎರಡೆಕರೆಯ ಬೆಳೆಗಾರ ಒಬ್ಬನೇ ಇಷ್ಟನ್ನೂ ಮಾಡಲಾರ. ಸಂಘವಿರುವುದೇ ಅದಕ್ಕಾಗಿ.

ಮೊದಲ ವರ್ಷ ಖರ್ಚು ಬೀಳುವುದು ನಿಜ, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಹೆಸರನ್ನು ನಾವು ಕಾಯದಿದ್ದರೆ ಬೆರಕೆ ಮಾಲಿನವರು ಅದನ್ನು ಬಳಸಿಕೊಳ್ಳುತ್ತಾರೆ. ಕೆಟ್ಟ ಮೇಲೆ ತೊಳೆಯುವ ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ. ಸದಸ್ಯರು ಮಹಾಸಭೆಗೆ ತಪ್ಪದೆ ಬಂದು, ಸಾಧಕಬಾಧಕಗಳನ್ನು ಚರ್ಚಿಸಿ, ಗೊತ್ತುವಳಿಯನ್ನು ಬೆಂಬಲಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ