ಬಿಲ್ಲಿಲ್ಲ ಅಂದರೆ ಬೆಲೆಯಿಲ್ಲವೆ?

ಮಳೆಗಾಲ ಮುಗಿದ ಮೇಲೆ ಬೀಗರ ಮನೆಗೆಂದು ಸಾಗರಕ್ಕೆ ಹೋದವನು ಕಾರ್ಗಲ್ಲಿಗೂ ಹೋಗಿಬಂದೆ. ಜೋಗಕ್ಕೆ ಹತ್ತಿರದ ಸಣ್ಣ ಊರು, ಸುತ್ತ ಗುಡ್ಡ, ಕಾಡು. ಹತ್ತಿರದಲ್ಲೇ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು. ಅಷ್ಟು ನೀರು ನೋಡಿ, ಇದರಲ್ಲಿ ಚೂರು ನಮ್ಮ ಕೆರೆಗೆ ಬಂದಿದ್ದರೆ ಅಂತ ಮೊದಲು ಅನ್ನಿಸಿದ್ದು ಸುಳ್ಳಲ್ಲ.

ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. "ನಮ್ಮಪ್ಪನ ಗದ್ದೆ ಆ ನೀರಿನ ಅಡಿಗೇ ಇದೆ ನೋಡಿ" ಅಂದರು. 1948ರ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿದೆ, ನೀರು ತೀರಾ ಇಳಿದಾಗ ಕಾಣುತ್ತದೆ. ಗದ್ದೆ, ತೋಟ ಬಿಟ್ಟು ಹೋದವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಆ ನೀರು ಶರಾವತಿ ವಿದ್ಯುದಾಗಾರದ 10 ಯಂತ್ರ ತಿರುಗಿಸುತ್ತದೆ. ಅದರ ಶಕ್ತಿ 1035 ಮೆಗಾವಾಟ್. ಅದರಲ್ಲಿ ನಮ್ಮ ಬೋರಿಗೂ ಪಾಲಿದೆ. ನಾವೇನು ಮಾಡುತ್ತೇವೆ? ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ರಾತ್ರಿ ಕರೆಂಟು ಬಂದರೆ ಪಂಪು ತಾನೇ ಓಡುತ್ತದೆ, ನೀರು ಬದು ದಾಟಿ ಹಳ್ಳ ಸೇರುತ್ತದೆ. ನಾನೂ ಹೀಗೇ ಮಾಡಿದವನು.

10 ಎಚ್.ಪಿ.ವರೆಗಿನ ಪಂಪಿಗೆ ನಮಗೆ ಬಿಲ್ಲಿಲ್ಲ, ನಿಜ. ಆದರೆ ಬೆಲೆಯನ್ನು ಆ ಕಡೆಯ ರೈತರು ಮೊದಲೇ ಕೊಟ್ಟಿದ್ದಾರೆ.

ಊರಿಗೆ ಬಂದವನೇ ಆಟೋ ಸ್ಟಾರ್ಟರ್ ತೆಗೆಸಿದೆ. ರಾತ್ರಿ ಎದ್ದು ಹೊಲಕ್ಕೆ ಹೋಗುವುದು ಕಷ್ಟವೇ. ಹಗಲು ಕರೆಂಟು ಕೊಡಿ ಅಂತ ಕೇಳೋಣ, ಕೇಳಲೇಬೇಕು. ಅದೇ ಸಭೆಯಲ್ಲಿ ಮುಳುಗಡೆಯವರಿಗೆ ಹಕ್ಕುಪತ್ರ ಕೊಡಿ ಅಂತಲೂ ಬಯಲುಸೀಮೆಯ ನಾವು ಕೇಳಬೇಡವೆ?