ತನ್ನವರ ಹಾಡು

1939ನೆಯ ಇಸವಿಯ ಏಪ್ರಿಲ್ 9, ಈಸ್ಟರ್ ಭಾನುವಾರ. ವಾಷಿಂಗ್‌ಟನ್ ನಗರದಲ್ಲಿ ಚಳಿಯಿತ್ತು. ಅಬ್ರಹಾಂ ಲಿಂಕನ್ನನ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು, ಕಪ್ಪು ಜನಾಂಗದ ಮಹಿಳೆಯೊಬ್ಬಳು ಕಣ್ಣು ಮುಚ್ಚಿ ಹಾಡತೊಡಗಿದಳು. ಎದುರಿನ ಬಯಲಿನಲ್ಲಿ ಸುಮಾರು 75,000 ಮಂದಿ ಬಿಳಿಯರೂ ಕರಿಯರೂ ಬೆರೆತು ನಿಂತಿದ್ದರು. ಆಕೆಯೇ ಮರಿಯನ್ ಆಂಡರ್ಸನ್.

ಬಯಲಿನಲ್ಲಿ ಹಾಡಬೇಕೆಂಬುದು ಆಕೆಯ ಬಯಕೆಯಾಗಿರಲಿಲ್ಲ. ನಗರದ ದೊಡ್ಡ ಸಭಾಂಗಣದ ಒಡೆತನ ‘ಅಮೆರಿಕನ್ ಕ್ರಾಂತಿಯ ಪುತ್ರಿಯರು’ ಎಂಬ ಮಹಿಳಾ ಸಂಘದ್ದು. ಅಲ್ಲಿಯ ವೇದಿಕೆ ಆಗ ಬಿಳಿಯ ಕಲಾವಿದರಿಗೆ ಮಾತ್ರ ಮೀಸಲಾಗಿತ್ತು. ಆಕೆಗೆ ಅವಕಾಶವಿಲ್ಲವೆಂದಾಗ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಸಂಘದ ಸದಸ್ಯತ್ವವನ್ನೇ ತ್ಯಜಿಸಿದರು. ಸರ್ಕಾರವು ಲಿಂಕನ್ ಸ್ಮಾರಕದ ಅಂಗಳವನ್ನು ಬಿಟ್ಟುಕೊಟ್ಟಿತು.

ಇಂತಹ ಅವಮಾನ ಆಕೆಗೆ ಹೊಸದಲ್ಲ. ಫಿಲಡೆಲ್ಫಿಯಾದ ಬಡ ಮನೆಯಲ್ಲಿ 1897ರಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವಳು. ತಾಯಿ ಪರರ ಬಟ್ಟೆ ಒಗೆದು ಮೂವರು ಹೆಣ್ಣುಮಕ್ಕಳನ್ನು ಸಾಕಿದಳು. ಸಂಗೀತ ಶಾಲೆಯೊಂದು ಮೈಬಣ್ಣ ಕಂಡೊಡನೆ ಆಕೆಯನ್ನು ಹಿಂದಕ್ಕೆ ಕಳುಹಿಸಿತು. ಆಗ ಕೈಹಿಡಿದವರು ಆಕೆ ಬಾಲ್ಯದಿಂದ ಹಾಡುತ್ತಿದ್ದ ಚರ್ಚಿನ ಜನ. ತಮ್ಮ ಗಳಿಕೆಯಲ್ಲಿ ಉಳಿಸಿದ ಹಣವನ್ನು ಕೂಡಿಸಿ, ಒಳ್ಳೆಯ ಗುರುವಿನಲ್ಲಿ ಪಾಠವಾಗುವಂತೆ ಮಾಡಿದರು. ಮುಂದೆ ಯೂರೋಪು ಆಕೆಯನ್ನು ಆದರಿಸಿತು. ಇಂತಹ ಕಂಠ ನೂರು ವರ್ಷಕ್ಕೊಮ್ಮೆ ಕೇಳಸಿಗುವುದೆಂದು ಸಂಗೀತ ನಿರ್ದೇಶಕ ಟಾಸ್ಕನೀನಿ 1935ರಲ್ಲಿ ಮೆಚ್ಚಿ ನುಡಿದನು.

ಕೀರ್ತಿ ಬಂದ ಮೇಲೆ ಹುಟ್ಟಿದ ಕೇರಿಯನ್ನು ಮರೆಯುವುದು ಸುಲಭ. ಆಕೆ ಮರೆಯಲಿಲ್ಲ. ಷೂಬರ್ಟನ ಗೀತೆಗಳ ಜೊತೆಯಲ್ಲೇ, ಗುಲಾಮಗಿರಿಯ ದಿನಗಳಲ್ಲಿ ತನ್ನ ಜನ ಕಟ್ಟಿದ ‘ಸ್ಪಿರಿಚುಯಲ್’ ಎಂಬ ಭಕ್ತಿಗೀತೆಗಳನ್ನೂ ಅದೇ ಶ್ರದ್ಧೆಯಿಂದ ಹಾಡುತ್ತಿದ್ದಳು. ಲಿಂಕನ್ ಸ್ಮಾರಕದೆದುರಿಗೂ ಆಕೆ ಹಾಡಿದ್ದು ಹಾಗೆಯೇ.

ಆಕೆ ವಾದಕ್ಕಿಳಿಯುವ ಸ್ವಭಾವದವಳಲ್ಲ. ಹಿಂದಿನ ರಾತ್ರಿ ಧೈರ್ಯಗುಂದಿ, ಹಾಡಲೇಬೇಕೆ ಎಂದು ತನ್ನ ವ್ಯವಸ್ಥಾಪಕನನ್ನು ಕೇಳಿದ್ದುಂಟು. ಆದರೂ ಮರುದಿನ ಮೆಟ್ಟಿಲೇರಿದಳು. ಈ ಸಭೆ ತನ್ನೊಬ್ಬಳ ಕೀರ್ತಿಗಾಗಿ ಅಲ್ಲ, ತನ್ನ ಜನರೆಲ್ಲರ ಮಾನಕ್ಕಾಗಿ ಎಂಬುದನ್ನು ಆಕೆ ಬಲ್ಲಳು.

ಬಾಗಿಲು ಮುಚ್ಚಿದ ಸಂಘವೇ 1943ರಲ್ಲಿ ಆಕೆಯನ್ನು ಕರೆಯಿತು. ಆಕೆ ಹೋಗಿ ಹಾಡಿದಳು. 1955ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾದ ರಂಗವನ್ನೇರಿದ ಮೊದಲ ಕಪ್ಪು ಗಾಯಕಿಯೆನಿಸಿದಳು. ಆಗ ಆಕೆಗೆ ಐವತ್ತೇಳು ವರ್ಷ. ಕಂಠ ತುಂಬು ಹರೆಯದಲ್ಲಿದ್ದ ಕಾಲವನ್ನು ಆ ರಂಗ ತಾನಾಗಿಯೇ ಕಳೆದುಕೊಂಡಿತ್ತು. 1957ರಲ್ಲಿ ಭಾರತಕ್ಕೆ ಬಂದಾಗ ದೆಹಲಿಯ ಗಾಂಧಿ ಸ್ಮಾರಕದಲ್ಲಿ ಹಾಡಿದಳು. ಮೈಬಣ್ಣದ ಕಾರಣಕ್ಕೇ 1893ರಲ್ಲಿ ದಕ್ಷಿಣ ಆಫ್ರಿಕದ ರೈಲಿನಿಂದ ಹೊರದಬ್ಬಲ್ಪಟ್ಟವರು ಗಾಂಧೀಜಿ.

ಪರರು ಅಲ್ಲಗಳೆದ ಮಾತ್ರಕ್ಕೆ ಮನುಷ್ಯನ ಬೆಲೆ ಕುಂದುವುದಿಲ್ಲ. ತನ್ನವರನ್ನು ತಾನೇ ಅಲ್ಲಗಳೆದಾಗ ಮಾತ್ರ ಅದು ಕುಂದುತ್ತದೆ. ಮರಿಯನ್ ಆಂಡರ್ಸನ್ 1993ರಲ್ಲಿ ತೀರಿಕೊಂಡಳು. ಅಂದು ಚರ್ಚಿನ ಬಡವರು ಕೂಡಿಟ್ಟ ಕಾಸು ವ್ಯರ್ಥವಾಗಲಿಲ್ಲ.