ಕೋಣೆಯೊಳಗಿನ ಗಾಂಜಾ, ಹೊಲದೊಳಗಿನ ತೊಗರಿ

ನಮ್ಮ ಕಡೆಯ ಹುಡುಗರ ಮೊಬೈಲಿನಲ್ಲಿ ಈಗ ಹೊಸ ನಮೂನೆಯ ಒಕ್ಕಲುತನ ಓಡಾಡುತ್ತಿದೆ. ಕಿಟಕಿ ಮುಚ್ಚಿದ ಖೋಲಿ, ಮೇಲೆ ಎಲ್‌ಇಡಿ ದೀಪ, ಕೆಳಗೆ ಸಾಲು ಕುಂಡ, ಕುಂಡದಾಗ ಗಾಂಜಾ. "ಕಾಕಾ, ಹತ್ತೆಕರೆ ತೊಗರಿಗಿಂತ ಇಂಥಾದ್ದೊಂದು ಖೋಲಿ ಛಲೋ ಅಲ್ಲೇನು?" ಎಂದು ಒಬ್ಬ ಕೇಳಿದ. ಅವನಿಗೆ ನಿಂತಲ್ಲೇ ಹೇಳಲು ಆಗದಷ್ಟು ಉದ್ದದ ಉತ್ತರ ಇದು.

ಹುಡುಗನನ್ನು ಬೈದು ಕಳಿಸುವುದು ಸುಲಭ. ಆದರೆ 2022ರಲ್ಲಿ ನೆಟೆ ರೋಗ ಬಂದು ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಅವನೂ ನೋಡಿದ್ದಾನೆ. ಮಳೆ ಹೆಚ್ಚಾದರೂ ಹೋಯಿತು, ಕಡಿಮೆಯಾದರೂ ಹೋಯಿತು. ಪೀಕು ಕೈಗೆ ಬಂದ ವರ್ಷ ದರ ಬೀಳುತ್ತದೆ. ಕೋಡ್ಲಾದ ಸುತ್ತ ಹೊಲದ ಬುಡದಲ್ಲಿರುವ ಸುಣ್ಣದ ಕಲ್ಲಿಗೆ ಇರುವ ಬೆಲೆ ಮೇಲಿನ ಮಣ್ಣಿಗೆ ಇಲ್ಲ. ಹೀಗಿರುವಾಗ ಮಳೆ, ರೋಗ ಎರಡರ ಹಂಗೂ ಇಲ್ಲದ ಬೆಳೆ ಎಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ?

ಇದು ಬರೀ ಪರದೇಶದ ಕತೆಯಲ್ಲ. 2021ರಲ್ಲಿ ಬೆಂಗಳೂರು ಹತ್ತಿರದ ಬಿಡದಿಯಲ್ಲಿ, 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಹೀಗೆ ಮನೆಯೊಳಗೇ ಗಾಂಜಾ ಬೆಳೆಸುತ್ತಿದ್ದರೆಂಬ ಪ್ರಕರಣಗಳು ಆಗಿವೆ. ಶಿವಮೊಗ್ಗದಲ್ಲಿ ಸಿಕ್ಕವರು ಡಾಕ್ಟರಿಕೆ ಓದುತ್ತಿದ್ದ ಹುಡುಗರು. ನಮ್ಮ ಮಗ್ಗುಲಿನ ಕಾಳಗಿ ತಾಲ್ಲೂಕಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕುರಿ ಫಾರ್ಮಿನ ನೆಲದ ಕೆಳಗೆ ಸುಮಾರು 1,350 ಕಿಲೋ ಗಾಂಜಾ ಸಿಕ್ಕಾಗ ಇಡೀ ರಾಜ್ಯ ನಮ್ಮ ಕಡೆ ತಿರುಗಿ ನೋಡಿತು. ಅದು ಹೊರಗಿನಿಂದ ತಂದು ಹುಗಿದಿಟ್ಟ ಮಾಲು ಎಂದು ಪೊಲೀಸರೇ ಹೇಳಿದರು. ಹೆಸರು ಕೆಟ್ಟಿದ್ದು ಮಾತ್ರ ನಮ್ಮ ಮಣ್ಣಿನದು.

ಮೊದಲು ಗಿಡದ ಗುಣ ನೋಡೋಣ. 1753ರಲ್ಲಿ ಲಿನೇಯಸ್ ಇದಕ್ಕೆ 'ಕ್ಯಾನಬಿಸ್ ಸಟೈವಾ' ಎಂದು ಹೆಸರಿಟ್ಟ. ಸಟೈವಾ ಎಂದರೆ ಬಿತ್ತಿ ಬೆಳೆಯುವಂಥದ್ದು ಎಂದಷ್ಟೇ. ನಮ್ಮ ಭತ್ತದ ಶಾಸ್ತ್ರೀಯ ಹೆಸರಿನಲ್ಲೂ ಅದೇ ಮಾತಿದೆ. ಸಪೂರ ಎಲೆಯ, ಎತ್ತರಕ್ಕೆ ಹೋಗುವ ಉಷ್ಣವಲಯದ ತಳಿಗಳಿಗೆ ಈಗ ಆ ಹೆಸರು ಅಂಟಿಕೊಂಡಿದೆ. ಇದು ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ. ತೊಗರಿಯೂ ಅಂಥದ್ದೇ! ನಮ್ಮಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ತಾಸು, ಡಿಸೆಂಬರಿನದು 11 ತಾಸು. ಮೃಗಶಿರಾ ಮಳೆಗೆ ಬಿತ್ತಿದ ತೊಗರಿ ಆಳೆತ್ತರ ಬೆಳೆದು ದೀಪಾವಳಿಯ ಆಸುಪಾಸಿನಲ್ಲಿ ಹೂವಾಗುತ್ತದೆ. ತಡವಾಗಿ ಬಿತ್ತಿದ್ದು ಸೊಂಟದ ಮಟ್ಟದಲ್ಲೇ ಹೂ ಕಟ್ಟಿಬಿಡುತ್ತದೆ. ಬಿತ್ತಿದ ದಿನವೊಂದನ್ನೇ ಅದು ಲೆಕ್ಕ ಇಡುವುದಿಲ್ಲ, ಕತ್ತಲೆಯನ್ನೂ ಎಣಿಸುತ್ತದೆ.

ಖೋಲಿಯಲ್ಲಿ ಬೆಳೆಯುವವರು ಈ ಕತ್ತಲೆಯನ್ನೇ ಸ್ವಿಚ್ಚಿನಿಂದ ಕೊಡುತ್ತಾರೆ. ಆದರೆ ಉಷ್ಣವಲಯದ ಗಿಡ ನಾಲ್ಕು ಗೋಡೆಗೆ ಒಗ್ಗುವಂಥದ್ದಲ್ಲ. ಹೂವಿಗೆ ತಿರುಗಿದ ಮೇಲೂ ಎರಡು ಪಟ್ಟು ಎತ್ತರ ಎಳೆದುಕೊಂಡು ಹೋಗಿ ದೀಪಕ್ಕೆ ತಲೆ ಬಡಿಯುತ್ತದೆ. ಹೂವು ಬಲಿಯಲು ಮೂರು ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು. ಪರದೇಶದಲ್ಲಿ ಇದನ್ನೇ ಕಸುಬು ಮಾಡಿಕೊಂಡವರು ಗುಡ್ಡಗಾಡಿನ ಗಿಡ್ಡ ತಳಿಗಳೊಂದಿಗೆ ಕೂಡಿಸಿ ಮಿಶ್ರತಳಿ ಮಾಡಿಕೊಂಡಿದ್ದು ಇದಕ್ಕಾಗಿಯೇ.

ಈಗ ಕರೆಂಟಿನ ಲೆಕ್ಕ. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಜಾಗಕ್ಕೆ 480 ವ್ಯಾಟ್ ದೀಪ ಎಂದು ಹಿಡಿಯಿರಿ. ಮೊದಲ 30 ದಿನ 18 ತಾಸು, ಆಮೇಲೆ 90 ದಿನ 12 ತಾಸು ಉರಿದರೆ ಹೆಚ್ಚುಕಡಿಮೆ 780 ಯೂನಿಟ್. ಒಂದು ಗುಂಟೆಯಲ್ಲಿ ಇಂಥ 68 ಚೌಕ ಬರುತ್ತವೆ. ಗುಂಟೆಗೆ 53 ಸಾವಿರ ಯೂನಿಟ್ ಆಯಿತು! ಯೂನಿಟ್ಟಿಗೆ ಏಳು ರೂಪಾಯಿ ಎಂದರೂ 3 ಲಕ್ಷ 70 ಸಾವಿರ ರೂಪಾಯಿ ಬರೀ ಬೆಳಕಿಗೆ. ನಮ್ಮ ಮೇ ತಿಂಗಳ ಬಿಸಿಲಿಗೆ ಎಸಿ ಬೇರೆ ಓಡಬೇಕು. ಒಂದು ಕಿಲೋ ಒಣ ಹೂವು ಖೋಲಿಯಲ್ಲಿ ತೆಗೆಯಲು 2,283ರಿಂದ 5,184 ಕಿಲೋವರೆಗೆ ಇಂಗಾಲದ ಹೊಗೆ ಏಳುತ್ತದೆ ಎಂದು ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದವರು 2021ರಲ್ಲಿ ಲೆಕ್ಕ ತೆಗೆದರು. ಪಂಪ್‌ಸೆಟ್ಟಿನ ಕರೆಂಟಿಗೆ ರಾತ್ರಿ ಎದ್ದು ಕಾಯುವ ನಾವು, ಪುಕ್ಕಟೆ ಸೂರ್ಯನನ್ನು ಹೊರಗೆ ನಿಲ್ಲಿಸಿ ಒಳಗೆ ದೀಪ ಹಚ್ಚುವುದೆಂದರೆ! ಮಾಲಿಗೆ ಕಳ್ಳಸಂತೆಯ ದರ ಇರುವುದರಿಂದ ಮಾತ್ರ ಈ ಲೆಕ್ಕ ಯಾರಿಗಾದರೂ ಕೂಡುತ್ತದೆ. ಅದು ಬೆಳೆಯ ಲಾಭವಲ್ಲ, ಜೈಲಿನ ಭಯಕ್ಕೆ ಕಟ್ಟಿದ ಬೆಲೆ.

ಆ ಭಯ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಸಣ್ಣ ರೈತರು ತಿಳಿದಿರಬೇಕು. 1985ರ ಮಾದಕ ವಸ್ತು ಕಾಯ್ದೆಯ 20ನೇ ಕಲಮಿನ ಪ್ರಕಾರ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಮನೆಯೊಳಗೋ ಹೊಲದೊಳಗೋ ಎಂಬ ಭೇದ ಇಲ್ಲ. 25ನೇ ಕಲಮು ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವನನ್ನು ಹಿಡಿಯುತ್ತದೆ. 46ನೇ ಕಲಮನ್ನಂತೂ ಹೊಲವನ್ನು ಪಾಲಿಗೆ, ಲಾವಣಿಗೆ ಕೊಟ್ಟವರೆಲ್ಲ ಓದಿಸಿಕೊಳ್ಳಬೇಕು: ತನ್ನ ಜಮೀನಿನಲ್ಲಿ ಇಂಥ ಗಿಡ ಇರುವುದು ಗೊತ್ತಿದ್ದೂ ಕೂಡಲೇ ತಿಳಿಸದ ಭೂಮಾಲೀಕನಿಗೂ ಶಿಕ್ಷೆ ಇದೆ. ತೊಗರಿ ಆಳೆತ್ತರ ಬೆಳೆದಾಗ ನಡುವಿನ ಸಾಲಿನಲ್ಲಿ ಏನಿದೆ ಎಂಬುದು ಬದುವಿನ ಮೇಲೆ ನಿಂತವನಿಗೆ ಕಾಣುವುದಿಲ್ಲ. ನಾಲ್ಕು ಗಿಡ ಹಾಕು, ಖರೀದಿ ನಮ್ಮದು ಎಂದು ಬೀಜ ಕೊಟ್ಟು ಹೋದವನ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಇರುವುದು ನಮ್ಮದು. ಕೋರ್ಟಿಗೆ ಅಲೆಯುವವರು ತಾಂಡಾದ, ಕೇರಿಯ, ಎರಡೆಕರೆಯ ಮಂದಿ. ತೊಗರಿ ಕೈಕೊಟ್ಟರೆ ಒಂದು ವರ್ಷ ಹೋಗುತ್ತದೆ. ಇಲ್ಲಿ ಹುಡುಗನ ಹತ್ತು ವರ್ಷ ಹೋಗುತ್ತದೆ.

"ಹಂಗಾದ್ರ ಉತ್ತರಾಖಂಡದಾಗ ಹೆಂಗ ಬೆಳೀತಾರ?" ಎಂದೂ ಕೇಳುವವರಿದ್ದಾರೆ. ಹೌದು, ಆ ರಾಜ್ಯ 2018ರಲ್ಲಿ ನಾರು–ಬೀಜದ ತಳಿಗೆ ಲೈಸೆನ್ಸ್ ಕೊಟ್ಟಿತು. ನಶೆಯ ಅಂಶ ಶೇಕಡಾ 0.3 ದಾಟಬಾರದು ಎಂಬ ಷರತ್ತಿನ ಮೇಲೆ. ಈ ಗಿಡದ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ತಿನ್ನುವ ಪದಾರ್ಥವೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿದೆ. ಹಿಮಾಚಲ ಸರಕಾರ 2025ರಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಮೊಬೈಲಿನ ಖೋಲಿಯಲ್ಲಿ ಕಾಣುವ ತಳಿ ಇದಲ್ಲ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಸರಕಾರ ಎಂದಾದರೂ ನಾರಿನ ತಳಿಗೆ ಅನುಮತಿ ಕೊಡುವುದಾದರೆ ಅದು ಬಯಲ ಹೊಲಕ್ಕೆ, ಎರಡೆಕರೆಯವನ ಹೆಸರಿಗೆ ಸಿಗಬೇಕು. ಎಸಿ ಖೋಲಿ ಕಟ್ಟುವ ದುಡ್ಡಿದ್ದ ಕಂಪನಿಗಳಿಗೆ ಮಾತ್ರ ಸಿಗುವ ಲೈಸೆನ್ಸು ನಮಗೆ ಬೇಡ. ಅಲ್ಲಿಯತನಕ ನಾರೇ ಬೇಕೆಂದರೆ ಬದುವಿನಲ್ಲಿ ಪುಂಡಿ ಇದೆಯಲ್ಲ! ಅದರ ಶಾಸ್ತ್ರೀಯ ಹೆಸರೇ 'ಹೈಬಿಸ್ಕಸ್ ಕ್ಯಾನಬೈನಸ್', ಎಲೆ ಗಾಂಜಾದಂತೆ ಕಾಣುತ್ತದೆಂದು ಇಟ್ಟದ್ದು. ಎಲೆ ಪಲ್ಯಕ್ಕಾಯಿತು, ನಾರು ಹಗ್ಗಕ್ಕಾಯಿತು, ಪೊಲೀಸರ ಕಾಟವೂ ಇಲ್ಲ.

ಆ ಹುಡುಗನಿಗೆ ದೀಪದ ಬೆಳಕಿನ ಹುಚ್ಚು ಇದ್ದರೆ ಅದು ಕೆಟ್ಟದ್ದೇನಲ್ಲ. ಅದೇ ವಿದ್ಯೆ ತೊಗರಿಗೆ ಬಂದಿದೆ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಬೆಳಕು, ಶಾಖ ಹಿಡಿತದಲ್ಲಿಟ್ಟು ಒಂದೇ ವರ್ಷದಲ್ಲಿ ತೊಗರಿಯ ಹಲವು ತಲೆಮಾರು ತೆಗೆಯುತ್ತಾರೆ. ಹೊಸ ತಳಿಗೆ ಹದಿಮೂರು ವರ್ಷ ಹಿಡಿಯುತ್ತಿದ್ದ ಜಾಗದಲ್ಲಿ ಐದು ವರ್ಷ ಸಾಕೆಂದು 2024ರಲ್ಲಿ ಹೇಳಿದರು. 2025ರಲ್ಲಿ ಐಸಿಪಿವಿ 25444 ಎಂಬ ತಳಿ ತೋರಿಸಿದರು: ಹಗಲಿನ ಉದ್ದದ ಹಂಗಿಲ್ಲ, 45 ಡಿಗ್ರಿ ಶಾಖ ತಾಳುತ್ತದೆ, 125 ದಿನಕ್ಕೆ ಕೊಯ್ಲು. ಬೇಸಿಗೆಯಲ್ಲೂ ತೊಗರಿ ಎಂದಾಯಿತು. ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್ ಕೊಟ್ಟಂತೆ, ಈ ಬೀಜವನ್ನೂ ಇಲ್ಲಿನ ಕರಿ ಮಣ್ಣಿನಲ್ಲಿ, ರೈತರ ಹೊಲದಲ್ಲೇ ಹಾಕಿ ತೋರಿಸಲಿ.

ತೊಡಕು ಇಲ್ಲವೆಂದಲ್ಲ. ಬೇಸಿಗೆ ಬೆಳೆಗೆ ನೀರು ಬೇಕು. ಊರೆಲ್ಲ ಬೋಳಾಗಿರುವಾಗ ಒಬ್ಬನ ಹೊಲವೇ ಹಸಿರಿದ್ದರೆ ಬಿಟ್ಟ ದನ, ಕಾಯಿಕೊರಕ ಹುಳ ಎರಡೂ ಅಲ್ಲಿಗೇ ಬರುತ್ತವೆ. ಹಾಕುವುದಿದ್ದರೆ ನಾಲ್ಕೈದು ಮಂದಿ ಕೂಡಿ, ಒಂದೇ ಮಗ್ಗುಲಿಗೆ ಹಾಕಬೇಕು. ಬೋರಿನ ಕೆಳಗೆ ಐದು ಗುಂಟೆ ಕೊಡಲು ನಾನು ತಯಾರಿದ್ದೇನೆ. ಕೋಡ್ಲಾ ಸುತ್ತಿನವರು ಯಾರಾದರೂ ಕೂಡುವುದಿದ್ದರೆ ಬಿತ್ತನೆಗೆ ಮೊದಲೇ ಮಾತಾಡೋಣ, ಬರ್ರಿ.